ಋತುವಿಗೆ ತಕ್ಕ ಲೇಖನ ಬರೆಯುವ ಫ್ರೀಲಾನ್ಸ್ ಬರಹಗಾರರು ಮಳೆಗಾಲದಲ್ಲಿ ಏನು ಓದಿದರೆ ಸ್ಫೂರ್ತಿ ಸಿಗುತ್ತದೆ?

ಮಳೆ ಶುರುವಾದರೆ ನಾನೂ ಹೀಗೇ ಮಾಡುತ್ತಿದ್ದೆ. ಮಳೆಯ ಮೇಲಿನ ಕತೆ, ಕವಿತೆ, ಪ್ರಬಂಧ ಎಲ್ಲ ಗುಡ್ಡೆ ಹಾಕಿಕೊಂಡು ಕಿಟಕಿ ಪಕ್ಕ ಕೂರುವುದು, ಓದಿ ಓದಿ ಮನಸ್ಸು ತುಂಬಿದ ಮೇಲೆ ಬರೆಯುವುದು. ಮನಸ್ಸೂ ತುಂಬುತ್ತಿತ್ತು, ಲೇಖನವೂ ಆಗುತ್ತಿತ್ತು. ಒಂದು ವರ್ಷ, ಅಲ್ಲಿಯವರೆಗೆ ಬರೆದದ್ದರಲ್ಲೇ ಚೆನ್ನಾಗಿದೆ ಅನ್ನಿಸಿದ ಮಳೆ ಪ್ರಬಂಧವನ್ನು ತಿದ್ದಿ ತೀಡಿ, ನನ್ನ ಬರಹಗಳನ್ನು ಆಗಾಗ ಹಾಕುತ್ತಿದ್ದ ಮಾಸಪತ್ರಿಕೆಯೊಂದಕ್ಕೆ ಕಳಿಸಿದೆ. ಸಂಪಾದಕರು ಅದೇ ದಿನ ಉತ್ತರಿಸಿದರು. ಬರಹ ಹಿಡಿಸಿದೆ, ಆದರೆ ಮಳೆಗಾಲದ ಸಂಚಿಕೆ ಅಚ್ಚಿಗೆ ಹೋಗಿ ಎಷ್ಟೋ ದಿನವಾಯಿತು, ಈಗ ಚಳಿಗಾಲದ ಸಂಚಿಕೆಗೆ ಲೇಖನ ಆರಿಸುತ್ತಿದ್ದೇವೆ, ಅದಕ್ಕೆ ಏನಾದರೂ ಇದೆಯೇ ಎಂದು ಕೇಳಿದ್ದರು.

ಏನೂ ಇರಲಿಲ್ಲ. ಚಳಿಯ ಬಗ್ಗೆ ಓದಲು ನಾನು ಚಳಿ ಬರಲೆಂದು ಕಾಯುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ತಪ್ಪು ಕೂತಿದೆ. ನೋಡುವ ಕಾಲ, ಬರೆಯುವ ಕಾಲ, ಮಾರುವ ಕಾಲ, ಮೂರನ್ನೂ ನಾನು ಒಂದೇ ಋತುವಿಗೆ ತುರುಕಿದ್ದೆ. ಅಚ್ಚಾಗುವ ಮಾಸಪತ್ರಿಕೆಗಳು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಮುಂಚೆಯೇ ಸಂಚಿಕೆ ಯೋಜಿಸುತ್ತವೆ. ಚಿತ್ರ ಬರೆಸಬೇಕು, ಕರಡು ತಿದ್ದಬೇಕು, ಪುಟ ಕಟ್ಟಬೇಕು, ಜಾಹೀರಾತು ಹಿಡಿಯಬೇಕು. ದಿನಪತ್ರಿಕೆಯ ಪುರವಣಿಗೆ ಅಷ್ಟು ಬೇಡ, ಕೆಲವು ವಾರ ಮುಂಚೆ ತಲುಪಿದರೆ ಸಾಕು. ಆದರೆ ಮೊದಲ ಹನಿ ಬಿದ್ದ ದಿನ ಎಲ್ಲರಿಗೂ ಮಳೆಯದ್ದೇ ಸ್ಫೂರ್ತಿ, ಸಂಪಾದಕರ ಇನ್‌ಬಾಕ್ಸ್ ತುಂಬಾ ಮಳೆಯೇ. ನಾನು ಮಳೆಯ ಅರ್ಧ ಕಾಲ ಓದುತ್ತಾ ಕಳೆದು, ಇನ್ನರ್ಧ ಬರೆಯುತ್ತಾ ಕಳೆದು, ಮೋಡ ಚದುರುವ ಹೊತ್ತಿಗೆ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ದೊಡ್ಡ ನಷ್ಟ ಆದದ್ದು ಮರುವರ್ಷ. ಆ ಪ್ರಬಂಧ ಕೈಯಲ್ಲೇ ಇತ್ತು, ಬಿಸಿಲು ಏರುವ ಮುಂಚೆಯೇ ಕಳಿಸಬಹುದಿತ್ತು. ಹೋದ ವರ್ಷದ ಮಳೆ ಹಳಸಿತು ಅಂದುಕೊಂಡು ಅದನ್ನು ಎತ್ತಿಟ್ಟು, ಹೊಸ ಮಳೆಗೆ ಕಾದು, ಹೊಸದು ಬರೆದು, ಮತ್ತೆ ತಡ ಮಾಡಿದೆ. ಓದುಗರಿಗೆ ಅದು ಯಾವ ವರ್ಷದ ಮಳೆ ಎಂದು ಎಲ್ಲಿ ಗೊತ್ತಾಗುತ್ತದೆ? ಫ್ರೀಲಾನ್ಸ್ ಮಾಡುವವರಿಗೆ ಸಂಭಾವನೆ ಇಲ್ಲದೆ ಒಂದು ಋತು ಹೋಗುವುದು ಸಣ್ಣ ಮಾತಲ್ಲ. ಮನಸ್ಸಿಲ್ಲದ ಅನುವಾದದ ಕೆಲಸ ಹಿಡಿದು ತಿಂಗಳುಗಳನ್ನು ದೂಡಿದೆ.

ಹಾಗಾಗಿ ಮಳೆಗಾಲದಲ್ಲಿ ಯಾವ ಮಳೆ ಪುಸ್ತಕ ಓದಲಿ ಎಂದರೆ, ಯಾವುದನ್ನೂ ಓದಬೇಡಿ ಅನ್ನುತ್ತೇನೆ. ತಡವಾಗುವುದಷ್ಟೇ ಕಾರಣವಲ್ಲ. ಆ ಪ್ರಬಂಧವನ್ನು ಎಷ್ಟೋ ಕಾಲದ ಮೇಲೆ ತೆಗೆದು ಓದಿದೆ. ಮಣ್ಣಿನ ವಾಸನೆಯ ಪ್ಯಾರಾದಲ್ಲಿ ನನ್ನದೆನ್ನುವ ಒಂದು ಸಾಲೂ ಇರಲಿಲ್ಲ, ಎಲ್ಲ ಆ ವಾರ ಓದಿದ್ದರ ಪ್ರತಿಧ್ವನಿ. ಅದೇ ದಿನಗಳ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಅವಸರದಲ್ಲಿ ಗೀಚಿದ್ದು ಸಿಕ್ಕಿತು: 'ತುಂತುರು ಬಿದ್ದಾಗ ವಾಸನೆ ಗಮ್ಮೆಂದಿತು. ಧೋ ಎಂದು ಸುರಿಯತೊಡಗಿದ ಮೇಲೆ ಇಲ್ಲ.' ಹೀಗೇಕೆ ಎಂದು ಹುಡುಕಿದೆ. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮಣ್ಣಿಗೆ ಹನಿ ಬೀಳುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಇದಕ್ಕೊಂದು ಕಾರಣ ಸೂಚಿಸಿದ್ದರು. ಹನಿಯ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಮೇಲೆದ್ದು ಒಡೆಯುತ್ತದೆ, ನೆಲದಲ್ಲಿದ್ದದ್ದನ್ನು ಸಣ್ಣ ತುಂತುರಾಗಿ ಗಾಳಿಗೆ ಚಿಮ್ಮಿಸುತ್ತದೆ. ಹಗುರ ಮಳೆಯಲ್ಲಿ ಇದು ಹೆಚ್ಚು, ಬಿರುಮಳೆಯಲ್ಲಿ ಕಡಿಮೆ. ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ ಆ ವಾಸನೆಯ ಒಂದು ಮುಖ್ಯ ಭಾಗ. ಆ ಗೀಚಿದ ಸಾಲಿನಿಂದಲೇ ಹೊಸ ಲೇಖನ ಎದ್ದಿತು. ಸುಡುಬಿಸಿಲಿನಲ್ಲಿ ಕೂತು ಬರೆದದ್ದು, ಮಳೆ ಸಂಚಿಕೆಯಲ್ಲೇ ಬಂತು.

ಸ್ಫೂರ್ತಿಗೆ ಏನು ಓದಬೇಕು ಎಂದು ಕೇಳಿದ್ದೀರಿ. ಕೊರತೆ ಸ್ಫೂರ್ತಿಯದ್ದು ಎಂದು ನನಗನ್ನಿಸುವುದಿಲ್ಲ. ನಿಮ್ಮ ಹತ್ತಿರ ಹೋದ ಮಳೆಗಾಲದ ಟಿಪ್ಪಣಿ ಇಲ್ಲ, ಅಷ್ಟೇ. ಮಳೆಯಲ್ಲಿ ಮಾಡಬೇಕಾದದ್ದು ನೋಡುವುದು, ಗುರುತು ಹಾಕಿಕೊಳ್ಳುವುದು. ತಾರೀಖು, ಹೊತ್ತು, ಕಂಡದ್ದು, ಕೇಳಿದ್ದು. ಸುಂದರ, ಮಧುರ ಅನ್ನುವಂಥ ಮಾತು ಅಲ್ಲಿ ಬೇಡ, ಅವು ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ತನ್ನ ಊರು ಕಾಂಕರ್ಡ್ ಸುತ್ತ ಅಲೆದು, ಯಾವ ಗಿಡ ಯಾವ ದಿನ ಹೂಬಿಟ್ಟಿತು ಎಂದು ವರ್ಷ ವರ್ಷ ಬರೆದಿಟ್ಟ. ಒಂದೂವರೆ ಶತಮಾನದ ನಂತರ ಬಾಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಪಟ್ಟಿಯನ್ನು ಈಗಿನದರೊಂದಿಗೆ ಹೋಲಿಸಿದಾಗ, ಅಲ್ಲಿನ ಸಾಮಾನ್ಯ ಗಿಡಗಳು ಸರಾಸರಿ ಒಂದು ವಾರ ಮುಂಚೆ ಹೂಬಿಡುತ್ತಿರುವುದು ಕಂಡಿತು. ವರ್ಣನೆಯಿಂದ ಈ ಲೆಕ್ಕ ಸಿಗುತ್ತಿರಲಿಲ್ಲ, ತಾರೀಖಿನಿಂದ ಸಿಕ್ಕಿತು.

ಮಳೆಯ ಪುಸ್ತಕಗಳನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಹೊರಗೆ ಮಳೆ ಇಲ್ಲದಿರುವಾಗ ಓದಿದರೆ ಯಾವುದು ನೀವು ಕಂಡದ್ದು, ಯಾವುದು ಬೇರೆಯವರು ಬರೆದದ್ದು ಅನ್ನುವುದು ಕಲಸಿಹೋಗುವುದಿಲ್ಲ. ಕತೆ ಕವಿತೆಗಿಂತ ಹಳೆಯ ಪತ್ರಿಕೆ, ಹವಾಮಾನದ ದಾಖಲೆ, ಯಾರದೋ ದಿನಚರಿ ಇಂಥವೇ ನನಗೆ ಹೆಚ್ಚು ಲೇಖನ ಕೊಟ್ಟಿವೆ.

ಈಗ ನಿಮ್ಮ ಕಡೆ ಮಳೆ ಸುರಿಯುತ್ತಿದ್ದರೆ ಮಳೆ ಲೇಖನ ಬಿಡಿ. ಹೋದ ಚಳಿಗಾಲದಲ್ಲಿ ನೀವೇ ಕಂಡ ಒಂದು ಸಂಗತಿ ನೆನಪಿಸಿಕೊಂಡು, ಲೇಖನ ಏನು ಹೇಳುತ್ತದೆ ಎಂದು ನಾಲ್ಕು ಸಾಲು ಬರೆದು ಈ ವಾರವೇ ಸಂಪಾದಕರಿಗೆ ಕಳಿಸಿ. ಮುಂದಿನ ಮಳೆಗಾಲದ ಸಂಚಿಕೆಗೆ ಲೇಖನ ಯಾವಾಗ ತಲುಪಬೇಕು ಎಂದು ಅದೇ ಪತ್ರದಲ್ಲಿ ಕೇಳಿಬಿಡಿ, ಸಂಕೋಚ ಬೇಡ.