ಟೂ-ಸ್ಟ್ರೋಕ್ ಕಾರು ಗಟ್ಟಿನಾ ಅನ್ನೋದಕ್ಕಿಂತ ಎಣ್ಣೆ ಹೇಗೆ ಹೋಗುತ್ತೆ ನೋಡಿ

ಜರ್ಮನಿಯ ಹಳೆಯ ಮೂರು ಸಿಲಿಂಡರ್ ಡಿಕೆಡಬ್ಲ್ಯೂ ಕಾರು ಸಿಗುತ್ತಿದೆ, ಟೂ-ಸ್ಟ್ರೋಕ್‌ನಲ್ಲಿ ಭಾಗ ಕಡಿಮೆ, ಕೆಡೋದೂ ಕಡಿಮೆ ಅಲ್ವಾ, ಬಾಗಲಕೋಟೆಯಿಂದ ಗೋವಾಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಲೆಕ್ಕ ಇತ್ತು.

ಬೆಳಗಾವಿಯಿಂದ ಸಾವಂತವಾಡಿಗೆ ತರಕಾರಿ ಒಯ್ಯಲು ಮೂರು ಗಾಲಿಯ ಟೂ-ಸ್ಟ್ರೋಕ್ ಗಾಡಿ ಇಟ್ಟಿದ್ದೆವು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಬಿಚ್ಚಿ ಕಟ್ಟೋದು ಸಲೀಸು. ಆಂಬೋಲಿ ಘಾಟ್ ಇಳಿಯುವಾಗ ಲಾರಿಯವರ ಹಾಗೆ ಗೇರ್‌ನಲ್ಲೇ ಇಟ್ಟು ಎಕ್ಸಲರೇಟರ್ ಪೂರ್ತಿ ಬಿಟ್ಟೆ. ಲಾರಿಗೆ ಅದು ಸರಿ. ಟೂ-ಸ್ಟ್ರೋಕ್‌ಗೆ ಅದೇ ಕುತ್ತು. ಇದರ ಇಂಜಿನ್ ಕೆಳಗೆ ಎಣ್ಣೆ ತುಂಬಿದ ಸಂಪ್ ಇರೋದಿಲ್ಲ. ಪೆಟ್ರೋಲಿಗೆ ಕಲಸಿದ ಎಣ್ಣೆಯೇ ಕ್ರ್ಯಾಂಕ್, ಪಿಸ್ಟನ್ ಎಲ್ಲದಕ್ಕೂ ಮುಟ್ಟಬೇಕು. ಎಕ್ಸಲರೇಟರ್ ಬಿಟ್ಟರೆ ಪೆಟ್ರೋಲ್ ಕಡಿಮೆಯಾಗುತ್ತೆ, ಜೊತೆಗೆ ಎಣ್ಣೆಯೂ. ಇಳಿಜಾರಿನಲ್ಲಿ ಗಾಲಿಗಳು ಮಾತ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತವೆ. ಅರ್ಧ ಘಾಟಿನಲ್ಲಿ ಇಂಜಿನ್ ಕಚ್ಚಿಕೊಂಡಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಬಿಚ್ಚಿಸಿದಾಗ ಪಿಸ್ಟನ್ನಿನ ಸೈಲೆನ್ಸರ್ ಕಡೆಗೆ ಉದ್ದುದ್ದ ಗೀರು. ಅಲ್ಯೂಮಿನಿಯಂ ಮೆತ್ತಿ ರಿಂಗ್ ಅಲುಗಾಡದೆ ಕೂತಿತ್ತು. ಬೋರಿಂಗ್, ಓವರ್‌ಸೈಜ್ ಪಿಸ್ಟನ್, ಬೇರಿಂಗ್, ಎಲ್ಲಾ ಹೊಸದಾಗಿ ಆಯಿತು. ಮಿಕ್ಸಿಂಗ್ ಸರಿಯಾಗೇ ಇತ್ತು. ಟ್ಯಾಂಕಿನಲ್ಲಿದ್ದ ಎಣ್ಣೆ ಬೇಕಾದ ಹೊತ್ತಿಗೆ ಪಿಸ್ಟನ್ನಿಗೆ ಮುಟ್ಟಲಿಲ್ಲ ಅಷ್ಟೇ.

ಹಾಗಾಗಿ ಭಾಗ ಕಡಿಮೆ ಇದ್ದರೆ ಭರವಸೆ ಜಾಸ್ತಿ ಅನ್ನೋದನ್ನು ನಾನು ಒಪ್ಪೋದಿಲ್ಲ. ನೀವು ಹೇಳುವ ಮೂರು ಸಿಲಿಂಡರ್ ಡಿಕೆಡಬ್ಲ್ಯೂನಲ್ಲಿ ಮೂರು ಪಿಸ್ಟನ್, ಮೂರು ಕನೆಕ್ಟಿಂಗ್ ರಾಡ್, ಒಂದು ಕ್ರ್ಯಾಂಕ್, ಮುಖ್ಯವಾಗಿ ಓಡಾಡೋದು ಇವೇ ಏಳು. ಇಂಜಿನ್ ಒಳ್ಳೆಯದೇ. ಫೋರ್-ಸ್ಟ್ರೋಕ್‌ನಲ್ಲಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿದರೆ ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತೆ, ಅದರಿಂದ ಮೂರು ಸಿಲಿಂಡರ್ ಆರರಷ್ಟು ನಯವಾಗಿ ಓಡುತ್ತೆ. ಆದರೆ ಈ ಎಣ್ಣೆಯ ತೊಂದರೆ ತಯಾರಿಸಿದವರಿಗೂ ಗೊತ್ತಿತ್ತು. ಅದಕ್ಕೇ ಡಿಕೆಡಬ್ಲ್ಯೂ, ಸ್ವೀಡನ್ನಿನ ಸಾಬ್ ಕಾರುಗಳಲ್ಲಿ ಫ್ರೀವೀಲ್ ಇಟ್ಟರು. ಎಕ್ಸಲರೇಟರ್ ಬಿಟ್ಟಾಗ ಗಾಲಿಗಳು ಇಂಜಿನ್ನನ್ನು ತಿರುಗಿಸದಂತೆ ಅದು ಬಿಡಿಸುತ್ತೆ. ಪೆಡಲ್ ನಿಲ್ಲಿಸಿದರೂ ಸೈಕಲ್ ಉರುಳುತ್ತಲ್ಲ, ಹಾಗೆ. ಟೂ-ಸ್ಟ್ರೋಕ್ ಸಾಬ್ 96ರಲ್ಲೇ ರೇಸ್ ಚಾಲಕ ಎರಿಕ್ ಕಾರ್ಲ್‌ಸನ್ 1962 ಮತ್ತು 1963ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಅಂದರೆ ಇದು ಬಡಪಾಯಿ ಇಂಜಿನ್ ಖಂಡಿತ ಅಲ್ಲ.

ಇಂಥ ಕಾರು ಬಾದಾಮಿ, ಐಹೊಳೆ ಸುತ್ತಲು ತಗೊಳ್ಳಿ, ಖುಷಿ ಆಗುತ್ತೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯೋದು ಬೇಡ. ಫ್ರೀವೀಲ್ ಇದ್ದರೆ ಇಂಜಿನ್ ಬ್ರೇಕ್, ಅಂದರೆ ಗೇರ್‌ನಲ್ಲಿಟ್ಟು ಇಂಜಿನ್ನಿಂದಲೇ ವೇಗ ತಡೆಯೋದು, ಸಿಗೋದಿಲ್ಲ, ಹಳೆಯ ಡ್ರಮ್ ಬ್ರೇಕ್ ಒಂದೇ ಗತಿ. ಕೊಳ್ಳುವ ಮುಂಚೆ ಓಡಿಸಿ ನೋಡಿ. ಎಕ್ಸಲರೇಟರ್ ಬಿಟ್ಟ ತಕ್ಷಣ ಇಂಜಿನ್ ಐಡಲ್‌ಗೆ ಇಳಿಯಬೇಕು, ಕಾರು ಉರುಳುತ್ತಿರಬೇಕು. ಹಾಗಾಗದಿದ್ದರೆ ಫ್ರೀವೀಲ್ ಲಾಕ್ ಆಗಿರಬಹುದು, ಕೆಟ್ಟಿರಲೂಬಹುದು. ಅದನ್ನು ಸರಿ ಮಾಡಿಸಿ ತೋರಿಸುವವರೆಗೂ ಅಡ್ವಾನ್ಸ್ ಕೊಡಬೇಡಿ.