ಜಾಕ್ ಹುಡುಕುವ ಮುನ್ನ ಚಾಸಿ ನಂಬರ್ ನೋಡಿ
ಹಳೆ ಕಾರುಗಳ ರೆಸ್ಟೊರೇಶನ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಹತ್ತಿರ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಇಂಜಿನ್, ಟಿಂಕರಿಂಗ್, ಪೇಂಟ್, ಸೀಟು ಎಲ್ಲ ಮುಗಿಯಿತು. ಒರಿಜಿನಲ್ ಜಾಕ್ ಒಂದೇ ಬಾಕಿ. ಆನ್‌ಲೈನ್‌ನಲ್ಲಿ ‘ಬೀಟಲ್ ಜಾಕ್’ ಅಂತ ಹುಡುಕಿದರೆ ಹತ್ತಾರು ಸಿಗುತ್ತವೆ, ಒಂದಿದ್ದ ಹಾಗೆ ಇನ್ನೊಂದಿಲ್ಲ. ಮಾರುವವರೆಲ್ಲ ತಮ್ಮದೇ ಒರಿಜಿನಲ್ ಅನ್ನುತ್ತಾರೆ. ಯಾರನ್ನು ನಂಬಲಿ?

ಸದ್ಯಕ್ಕೆ ಯಾರನ್ನೂ ನಂಬಬೇಡಿ. ಹಾಗಂತ ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬೀಟಲ್ 1938ರಿಂದ 2003ರವರೆಗೆ ತಯಾರಾದ ಕಾರು. ಒಟ್ಟು 2 ಕೋಟಿ 15 ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಅಷ್ಟು ವರ್ಷ ಒಂದೇ ಜಾಕ್ ಇರುತ್ತದಾ? ಅವರ ಕೈಲಿರುವುದೂ ಬೀಟಲ್ ಜಾಕೇ, ಒರಿಜಿನಲ್ಲೇ ಇರಬಹುದು. ಆದರೆ ಅದು ಇನ್ಯಾವುದೋ ವರ್ಷದ ಬೀಟಲ್‌ನದು. ಆದ್ದರಿಂದ ಕೊಳ್ಳುವ ಆತುರ ಸ್ವಲ್ಪ ಬದಿಗಿಡಿ. ನಿಮ್ಮ ಕಾರಿನ ಜೊತೆ ಯಾವ ಜಾಕ್ ಬಂದಿತ್ತು ಅನ್ನುವುದು ಮೊದಲು ಗೊತ್ತಾಗಲಿ.

ಹಿಂದಿನ ಸೀಟು ಎತ್ತಿ. ನಡುವಿನ ಟನಲ್ (ಕಾರಿನ ನೆಲದ ಮಧ್ಯೆ ಉದ್ದಕ್ಕೂ ಉಬ್ಬಿರುವ ಭಾಗ) ಮೇಲೆ ಚಾಸಿ ನಂಬರ್ ಗುದ್ದಿರುತ್ತಾರೆ. 1965ರ ಮಾಡೆಲ್‌ನಿಂದ ಈ ನಂಬರ್‌ಗೆ ಒಂಬತ್ತು ಅಂಕಿ. ಅದರಲ್ಲಿ ಮೂರನೆಯದು ಮಾಡೆಲ್ ವರ್ಷದ ಕೊನೆಯ ಅಂಕಿ. ಅಂದರೆ ಮಾಮೂಲಿ ಬೀಟಲ್‌ನಲ್ಲಿ 117 ಅಂತ ಶುರುವಾದರೆ ಅದು 1967ರ ಮಾಡೆಲ್. ಇದನ್ನು ಯಾಕೆ ನೋಡಬೇಕು ಅಂದರೆ, ಫೋಕ್ಸ್‌ವ್ಯಾಗನ್‌ನವರ ಮಾಡೆಲ್ ವರ್ಷ ಜನವರಿಯಲ್ಲಿ ಶುರುವಾಗುತ್ತಿರಲಿಲ್ಲ, ಆಗಸ್ಟ್‌ನಲ್ಲಿ ಶುರುವಾಗುತ್ತಿತ್ತು. 1966ರ ಅಕ್ಟೋಬರ್‌ನಲ್ಲಿ ಹೊರಬಂದ ಕಾರು 1967ರ ಮಾಡೆಲ್. 1967ರ ಅಕ್ಟೋಬರ್‌ನಲ್ಲಿ ಬಂದದ್ದು 1968ರ ಮಾಡೆಲ್. ನೋಂದಣಿ ಕಾಗದದಲ್ಲಿ ಎರಡಕ್ಕೂ 1967 ಅಂತಲೇ ಬರೆದಿರುವ ಸಾಧ್ಯತೆ ಇದೆ. ಕಾಗದ ನೋಡಿ ಬಿಡಿಭಾಗ ಕೊಂಡವರು ಪೇಚಿಗೆ ಸಿಕ್ಕುವುದು ಇಲ್ಲೇ.

ಇನ್ನೂ ನಿಖರವಾಗಿ ಬೇಕು ಅಂದರೆ ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿರುವ ಫೋಕ್ಸ್‌ವ್ಯಾಗನ್ ಆಟೋ ಮ್ಯೂಸಿಯಂಗೆ ಬರೆಯಿರಿ. ಹಣ ಕಟ್ಟಿದರೆ ನಿಮ್ಮ ಕಾರು ತಯಾರಾದ ದಿನ, ಆಗಿನ ಬಣ್ಣ ಇತ್ಯಾದಿ ಇರುವ ಪ್ರಮಾಣಪತ್ರ ಕೊಡುತ್ತಾರೆ. ಬರೀ ಜಾಕ್‌ಗಾಗಿ ಇಷ್ಟೆಲ್ಲಾನಾ ಅನ್ನಿಸಬಹುದು. ಪೂರ್ತಿ ರೆಸ್ಟೊರೇಶನ್ ಮಾಡಿದವರಿಗೆ ಆ ಕಾಗದ ಹೇಗೂ ಬೇಕಾಗುತ್ತದೆ ಬಿಡಿ.

ಆಮೇಲೆ ಪಾರ್ಟ್ಸ್ ಪುಸ್ತಕ, ಅಂದರೆ ಬಿಡಿಭಾಗಗಳ ನಂಬರ್‌ಗಳ ಪಟ್ಟಿ ಇರುವ ಕಂಪನಿಯ ಪುಸ್ತಕ. ಫೋಕ್ಸ್‌ವ್ಯಾಗನ್ ಪಾರ್ಟ್ ನಂಬರ್‌ನಲ್ಲಿ ಮೊದಲ ಮೂರು ಅಂಕಿ ಆ ಭಾಗವನ್ನು ಮೊದಲು ಯಾವ ಮಾಡೆಲ್‌ಗೆ ಮಾಡಿದರು ಅನ್ನುವುದನ್ನು ಹೇಳುತ್ತವೆ. ನಡುವಿನ ಮೂರು ಅಂಕಿ ಅದು ಯಾವ ಗುಂಪಿನ ಭಾಗ ಅನ್ನುವುದನ್ನು ಹೇಳುತ್ತವೆ. ಜಾಕ್‌ಗೆ 011. ಇವತ್ತಿನ ಅವರ ಕಾರುಗಳ ಜಾಕ್ ಮೇಲೂ ಇದೇ 011 ಕಾಣುತ್ತದೆ. ಕೊನೆಯಲ್ಲಿ ಎ, ಬಿ, ಸಿ ತರದ ಅಕ್ಷರ ಇದ್ದರೆ ಭಾಗವನ್ನು ತಿದ್ದಿದ್ದಾರೆ ಅಂತ ಅರ್ಥ. ಪುಸ್ತಕದಲ್ಲಿ ಪ್ರತಿ ನಂಬರ್‌ನ ಪಕ್ಕ ಅದು ಯಾವ ಚಾಸಿ ನಂಬರ್‌ನಿಂದ ಯಾವುದರವರೆಗೆ ಅಂತಲೂ ಇರುತ್ತದೆ. ನಿಮ್ಮ ನಂಬರ್ ಎಲ್ಲಿ ಬೀಳುತ್ತದೆ ನೋಡಿ. ಒಂದು ಎಚ್ಚರಿಕೆ: ತಡವಾಗಿ ಅಚ್ಚಾದ ಪುಸ್ತಕಗಳಲ್ಲಿ ಹಳೆ ನಂಬರ್ ತೆಗೆದು, ಅದರ ಬದಲಿಗೆ ಬಂದ ಹೊಸ ನಂಬರ್ ಹಾಕಿರುತ್ತಾರೆ. ಕಂಪನಿಗೆ ಬೇಕಾದದ್ದು ಕಾರು ಎತ್ತುವ ಜಾಕ್. ನಿಮಗೆ ಬೇಕಾದದ್ದು 1967ರ ಜಾಕ್. ಹಾಗಾಗಿ ನಿಮ್ಮ ಕಾರಿನ ಕಾಲಕ್ಕೆ ಹತ್ತಿರದ ಪುಸ್ತಕವನ್ನೇ ಹುಡುಕಿ. ಆ ವರ್ಷದ ಓನರ್ಸ್ ಮ್ಯಾನ್ಯುಯಲ್ ಸಿಕ್ಕರಂತೂ ಚಕ್ರ ಬದಲಿಸುವ ಪುಟದಲ್ಲಿ ಜಾಕ್‌ನ ಚಿತ್ರವೇ ಇರುತ್ತದೆ.

ಕಾರು ಕೂಡ ಸಾಕ್ಷಿ ಹೇಳುತ್ತದೆ. ಜಾಕ್ ಹಿಡಿಯುವ ಕ್ಲಿಪ್ ಇನ್ನೂ ಇದೆಯಾ? ಅದರ ಅಗಲ ಅಳೆಯಿರಿ. ಪೇಂಟ್ ಕೆರೆಯುವ ಮುಂಚೆ ತೆಗೆದ ಫೋಟೊಗಳಿದ್ದರೆ ದೊಡ್ಡದು ಮಾಡಿ ನೋಡಿ, ಜಾಕ್ ವರ್ಷಗಟ್ಟಲೆ ಉಜ್ಜಿದ ಗುರುತು ಕಾಣಬಹುದು. ಕಾರು ಮಾರಿದವರಿಗೂ ಒಂದು ಫೋನ್ ಮಾಡಿ. ಜಾಕ್ ಅವರ ಗ್ಯಾರೇಜಿನ ಮೂಲೆಯಲ್ಲೇ ಬಿದ್ದಿರುವುದು ಅಪರೂಪವೇನಲ್ಲ.

ಇನ್ನು ಕೊಳ್ಳುವ ಮಾತು. ಬೀಟಲ್‌ನಲ್ಲಿ ಜಾಕ್ ಹಾಕುವ ಜಾಗ ಪ್ರತಿ ಬದಿಗೆ ಒಂದೇ, ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗಿನ ಮೆಟ್ಟಿಲಿನಂಥ ಪಟ್ಟಿ) ಕೆಳಗೆ, ಹಿಂದಿನ ಚಕ್ರದ ಮುಂದೆ. ಅಲ್ಲಿರುವ ಕೊಳವೆಗೆ ಜಾಕ್‌ನ ತೋಳು, ಅಂದರೆ ಕಂಬದಿಂದ ಚಾಚಿಕೊಂಡ ಭಾಗ, ಹೋಗಬೇಕು. ಆ ಕೊಳವೆಯ ಒಳ ಅಳತೆ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಆ ಕಾಲದ ಜರ್ಮನ್ ಕಾರುಗಳ ಎಷ್ಟೋ ಜಾಕ್‌ಗಳು ಬಿಲ್‌ಸ್ಟೈನ್ ಕಂಪನಿಯವು. ಹೌದು, ಶಾಕ್ ಅಬ್ಸಾರ್ಬರ್ ಮಾಡುವ ಅದೇ ಬಿಲ್‌ಸ್ಟೈನ್. ಪೋರ್ಶೆಗೂ ಅವರೇ ಮಾಡಿಕೊಟ್ಟರು. ಹಾಗಾಗಿ ಬಿಲ್‌ಸ್ಟೈನ್ ಅಂತ ಗುದ್ದಿರುವುದೆಲ್ಲ ಬೀಟಲ್ ಜಾಕ್ ಅಲ್ಲ. ಫೋಕ್ಸ್‌ವ್ಯಾಗನ್ ವ್ಯಾನ್‌ನ ಜಾಕ್ ನೋಡಲು ಬೀಟಲ್ ಜಾಕ್‌ನ ಒಡಹುಟ್ಟಿದ ಅಣ್ಣನ ಹಾಗೇ ಇರುತ್ತದೆ, ಫೋಟೊದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ತೋಳಿನ ಅಳತೆ, ಕಂಬದ ಉದ್ದ ಕೇಳದೆ ಹಣ ಕಳಿಸಬೇಡಿ.

ಮಾರುವವರು ಯಾವಾಗಲೂ ಚೆಂದ ಕಾಣುವ ಕಡೆಯಿಂದ ಫೋಟೊ ತೆಗೆಯುತ್ತಾರೆ. ನೀವು ಪಾದದ ಅಡಿಭಾಗ, ತೋಳಿನ ತುದಿ ಮತ್ತು ಗುದ್ದಿದ ಅಕ್ಷರಗಳ ಫೋಟೊ ಕೇಳಿ. ಜಾಕ್ ಮೇಲಿಂದ ಕೆಳಗಿನವರೆಗೆ ಓಡುವ ವಿಡಿಯೊ ಕಳಿಸಿದರೆ ಇನ್ನೂ ಒಳ್ಳೆಯದು. ತಯಾರಾದ ತಿಂಗಳು, ವರ್ಷ ಗುದ್ದಿದ ಜಾಕ್‌ಗಳೂ ಇವೆ. ಆ ತಾರೀಖು ನಿಮ್ಮ ಕಾರಿನ ಹುಟ್ಟಿದ ದಿನಕ್ಕಿಂತ ಸ್ವಲ್ಪ ಹಿಂದಿನದಾಗಿರಬೇಕು. ಜಾಕ್‌ನ ತಾರೀಖು ಕಾರಿಗಿಂತ ಈಚಿನದಾದರೆ ಅದು ಆಮೇಲೆ ಬಂದು ಸೇರಿದ್ದು, ಅಷ್ಟೇ. ಹೊಸ ವೆಲ್ಡಿಂಗ್ ಗೆರೆ, ರಿವೆಟ್ ಇರಬೇಕಾದಲ್ಲಿ ಬೋಲ್ಟ್, ದಪ್ಪ ಪೇಂಟಿನಡಿ ಮುಚ್ಚಿಹೋದ ಅಕ್ಷರ ಕಂಡರೆ ಹಿಂದೆ ಸರಿಯಿರಿ. ನನ್ನನ್ನು ಕೇಳಿದರೆ, ಫಳಫಳ ಹೊಳೆಯುವ ಜಾಕ್‌ಗಿಂತ ತುಕ್ಕು ಹಿಡಿದರೂ ಅಕ್ಷರ ಓದಲು ಬರುವ ಜಾಕೇ ವಾಸಿ. ತುಕ್ಕು ತೆಗೆಯಬಹುದು, ಅಳಿಸಿಹೋದ ಅಕ್ಷರ ವಾಪಸ್ ಬರುವುದಿಲ್ಲ.

ಸಿಗುವ ಜಾಗ? ಬೀಟಲ್ ಕ್ಲಬ್‌ಗಳಲ್ಲಿ ಕೇಳುವುದು ಮೊದಲ ದಾರಿ. ಅಲ್ಲಿ ಎರಡು ಜಾಕ್ ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಹಳೆ ಫೋಕ್ಸ್‌ವ್ಯಾಗನ್‌ಗಳಿಗಂತಲೇ ಜರ್ಮನಿಯ ಬಾಡ್ ಕಾಂಬರ್ಗ್ ಮತ್ತು ಹೆಸ್ಸಿಶ್ ಓಲ್ಡೆಂಡೋರ್ಫ್‌ನಲ್ಲಿ ಮೇಳ ನಡೆಯುತ್ತದೆ. ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ಹಳೆ ಬಿಡಿಭಾಗಗಳ ದೊಡ್ಡ ಸಂತೆ ಇದೆ. ನೀವೇ ಹೋಗಬೇಕೆಂದಿಲ್ಲ. ಹೋಗುವವರಿಗೆ ಪಾರ್ಟ್ ನಂಬರ್, ಅಳತೆ, ಒಂದು ಚಿತ್ರ ಕಳಿಸಿದರೆ ಸಾಕು. ‘ಬೀಟಲ್ ಜಾಕ್ ಸಿಕ್ಕರೆ ತನ್ನಿ’ ಅಂತ ಮಾತ್ರ ಹೇಳಿ ಕಳಿಸಬೇಡಿ.

ಸ್ಪರ್ಧೆಗೆ ಕಾರು ನಿಲ್ಲಿಸುವ ಯೋಚನೆ ಇಲ್ಲದಿದ್ದರೆ ತಾರೀಖಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಾದರಿ ಸರಿಯಿದ್ದು, ಒಂದೆರಡು ವರ್ಷ ಆಚೀಚೆ ಆದರೆ ಯಾರಿಗೂ ನಷ್ಟವಿಲ್ಲ.

ಪ್ರಶ್ನೆ: ನನ್ನ ಕಾರಿನ ಹಳೆ ಜಾಕ್ ಸಿಕ್ಕಿದೆ, ಆದರೆ ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ. ಸರಿ ಮಾಡಿ ಬಳಸಬಹುದಾ?

ಸರಿ ಮಾಡಬಹುದು. ಬಳಸುವ ಮಾತು ಆಮೇಲೆ.

ಹಿಡಿಕೆಗೆ ಉದ್ದ ಪೈಪ್ ಸಿಕ್ಕಿಸಿ ತಿರುಗಿಸಲು ಹೋಗಬೇಡಿ. ಸ್ಕ್ರೂ ತಿರುಚಿಕೊಂಡರೆ ಅಲ್ಲಿಗೆ ಮುಗಿಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ, ಮಾರನೇ ದಿನ ಮತ್ತೆ ಹಾಕಿ. ಸ್ವಲ್ಪ ಬಿಟ್ಟರೆ ಮುಂದಕ್ಕೆ ಹಿಂದಕ್ಕೆ ಆಡಿಸಿ. ಮರಳು ಹೊಡೆಸುವುದು ಬೇಡ. ಗುದ್ದಿದ ಅಕ್ಷರ ಮಾಸುತ್ತದೆ, ಮರಳು ಒಳಗೆ ಸೇರಿ ಹಲ್ಲುಗಳನ್ನು ತಿನ್ನುತ್ತದೆ. ತೀಕ್ಷ್ಣ ಆಸಿಡ್‌ನಲ್ಲಿ ಮುಳುಗಿಸುವುದೂ ಬೇಡ. ಸ್ಪ್ರಿಂಗ್, ರ‍್ಯಾಚೆಟ್ ನಾಲಿಗೆಯಂಥ (ಜಾಕ್ ಹಿಂದಕ್ಕೆ ಜಾರದಂತೆ ಹಲ್ಲಿಗೆ ಸಿಕ್ಕುವ ಕೊಂಡಿ) ಗಟ್ಟಿ ಉಕ್ಕಿನ ಭಾಗಗಳೊಳಗೆ ಆಸಿಡ್‌ನಿಂದ ಹೈಡ್ರೋಜನ್ ಸೇರಿಕೊಂಡರೆ ಅವು ಪೆಡಸಾಗುತ್ತವೆ. ನೋಡಲು ಚೆನ್ನಾಗೇ ಇರುತ್ತವೆ, ಭಾರ ಬಿದ್ದಾಗ ಪಟ್ಟನೆ ಮುರಿಯುತ್ತವೆ. ಪ್ಲೇಟಿಂಗ್ (ಬೇರೆ ಲೋಹದ ತೆಳು ಲೇಪ) ಮಾಡಿಸುವಾಗಲೂ ಇದೇ ಅಪಾಯ. ಹಾಗಾಗಿ ಪ್ಲೇಟಿಂಗ್ ಆದ ಕೂಡಲೇ ಆ ಭಾಗಗಳನ್ನು ಓವನ್‌ನಲ್ಲಿ ಕಾಯಿಸುತ್ತೀರಾ ಅಂತ ಕೇಳಿ. ಪ್ರಶ್ನೆಯೇ ಅರ್ಥವಾಗದ ಅಂಗಡಿಗೆ ಕೊಡಬೇಡಿ.

ಮೂಲ ಬಣ್ಣ ಯಾವುದು ಅಂತ ತಿಳಿಯಲು ಪಾದದ ಅಡಿ, ಮಡಿಕೆಗಳ ಒಳಗೆ ನೋಡಿ, ಚೂರು ಉಳಿದಿರುತ್ತದೆ. ತೆಳುವಾಗಿ ಬಳಿಯಿರಿ. ಕ್ರೋಮ್ ಮಾಡಿಸಿ ಮಿಂಚಿಸುವ ಆಸೆ ಬಂದರೆ ತಡೆದುಕೊಳ್ಳಿ.

ಈಗ ಬಳಸುವ ಮಾತು. ಒರಿಜಿನಲ್ ಜಾಕ್ ಇರುವುದು ಡಿಕ್ಕಿಗೆ, ದಾರಿಯಲ್ಲಿ ಪಂಕ್ಚರ್ ಆದರೆ ಒಂದು ಚಕ್ರ ಬದಲಿಸುವುದಕ್ಕೆ. ರಿಪೇರಿ ಕೆಲಸಕ್ಕೆ ಟ್ರಾಲಿ ಜಾಕ್ (ಗಾಲಿಗಳ ಮೇಲೆ ಓಡುವ ಗ್ಯಾರೇಜ್ ಜಾಕ್) ಮತ್ತು ಎತ್ತಿದ ಕಾರಿಗೆ ಆಸರೆ ಕೊಡುವ ಸ್ಟ್ಯಾಂಡ್ ಇರಲಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾವ ಕಾರಣಕ್ಕೂ ಹೋಗಬೇಡಿ. ಬದಿಯಿಂದ ಎತ್ತುವ ಜಾಕ್ ಆದರೆ ಇನ್ನೊಂದು ಸಂಗತಿ ಇದೆ. ಜಾಕ್ ಗಟ್ಟಿಯಾಗಿದ್ದರೂ ಅದು ಕೂರುವ ಕೊಳವೆ ಒಳಗಿಂದ ತುಕ್ಕು ತಿಂದು ಟೊಳ್ಳಾಗಿರಬಹುದು. ಮೇಲೆ ಹೊಸ ಪೇಂಟ್ ಇದ್ದರೆ ಗೊತ್ತೇ ಆಗುವುದಿಲ್ಲ. ಕಾರು ಅರ್ಧ ಎದ್ದ ಮೇಲೆ ಕೊಳವೆ ಕುಸಿದರೆ ಬಾಗಿಲ ಕೆಳಗಿನ ತಗಡೆಲ್ಲ ಹರಿಯುತ್ತದೆ. ಎತ್ತುವ ಮುಂಚೆ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ.

ಪ್ರಶ್ನೆ: 1950ರ ದಶಕದ ಅಮೆರಿಕನ್ ಕಾರು. ಬಂಪರ್ ಜಾಕ್‌ನ ಕಂಬ, ಪಾದ ಇವೆ, ಕೊಕ್ಕೆ ಇಲ್ಲ. ಯಾವುದಾದರೂ ಕೊಕ್ಕೆ ಹಾಕಬಹುದಾ?

ಬೇಡ. ಬಂಪರಿಗೆ ಕೊಕ್ಕೆ ಹಾಕಿ ಕಾರು ಎತ್ತುವ ಈ ಬಂಪರ್ ಜಾಕ್‌ನಲ್ಲಿ ಮಾಡೆಲ್‌ನಿಂದ ಮಾಡೆಲ್‌ಗೆ ಜಾಸ್ತಿ ಬದಲಾಗುವ ಭಾಗವೇ ಕೊಕ್ಕೆ. ಬಂಪರಿನ ಬಾಗಿಗೆ ತಕ್ಕಂತೆ ಅದನ್ನು ಮಾಡಿರುತ್ತಾರೆ. ಬಂಪರ್‌ನ ಆಕಾರ ಬದಲಾದರೆ ಕೊಕ್ಕೆಯೂ ಬದಲು. ಸರಿಯಾಗಿ ಕೂರದ ಕೊಕ್ಕೆ ಜಾರಿದರೆ ಕ್ರೋಮ್ ಹೋಗುವುದು ಸಣ್ಣ ನಷ್ಟ, ಕಾರು ಬೀಳುವುದು ದೊಡ್ಡದು. ಡಿಕ್ಕಿ ಮುಚ್ಚಳದ ಒಳಗೆ ಅಥವಾ ಸ್ಟೆಪ್ನಿ ಹತ್ತಿರ ಜಾಕ್ ಬಳಸುವ ವಿಧಾನದ ಚೀಟಿ ಅಂಟಿಸಿದೆಯಾ ನೋಡಿ. ಅದರಲ್ಲಿ ಕೊಕ್ಕೆಯ ಚಿತ್ರ ಇರುತ್ತದೆ. ಅದು ಹರಿದುಹೋಗಿದ್ದರೆ ಹೊಸದಾಗಿ ಅಚ್ಚು ಹಾಕಿ ಮಾರುವವರಿದ್ದಾರೆ, ಅವರ ಚಿತ್ರ ನೋಡಿದರೂ ಸಾಕು. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಿಂದ ನಡೆಯುತ್ತಿರುವ ಶರತ್ಕಾಲದ ಮೇಳದಲ್ಲಿ ಇಂಥ ಬಿಡಿ ಕೊಕ್ಕೆಗಳು ಸಿಗುವ ಸಾಧ್ಯತೆ ಜಾಸ್ತಿ. ಹಾಂ, ನಿಮ್ಮಲ್ಲಿರುವ ಕಂಬ ಮತ್ತು ಪಾದವೂ ಒಂದೇ ಜಾಕ್‌ನವು ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಈ ಜಾಕ್‌ಗಳು ಬಿಡಿಬಿಡಿಯಾಗಿ ಕಳಚುವುದರಿಂದ ಕಲಬೆರಕೆ ಆಗಿರುವುದೇ ಹೆಚ್ಚು.

ಪ್ರಶ್ನೆ: ಸಿಟ್ರೊಯೆನ್ ಡಿಎಸ್‌ಗೆ ಜಾಕ್ ಹುಡುಕುತ್ತಿದ್ದೇನೆ. ‘ಒರಿಜಿನಲ್’ ಅಂತ ಯಾರೋ ಒಂದು ಕಬ್ಬಿಣದ ಕಾಲು ತೋರಿಸುತ್ತಿದ್ದಾರೆ, ಅದರಲ್ಲಿ ಸ್ಕ್ರೂನೂ ಇಲ್ಲ, ಹಿಡಿಕೆಯೂ ಇಲ್ಲ. ಮೋಸ ಅಲ್ವಾ?

ಮೋಸ ಅಲ್ಲ, ಬೇಗ ಕೊಂಡುಕೊಳ್ಳಿ. 1955ರಲ್ಲಿ ಬಂದ ಡಿಎಸ್‌ಗೆ ಎತ್ತುವ ಜಾಕ್ ಬೇಕಿರಲಿಲ್ಲ. ಅದರ ಹೈಡ್ರಾಲಿಕ್ ಸಸ್ಪೆನ್ಶನ್ ತಾನೇ ಕಾರನ್ನು ಎತ್ತುತ್ತದೆ. ಇಂಜಿನ್ ಓಡುತ್ತಿರುವಾಗ ಎತ್ತರದ ಲಿವರ್ ಅನ್ನು ಪೂರ್ತಿ ಮೇಲಿನ ಹಂತಕ್ಕೆ ತಂದು, ಪಂಕ್ಚರ್ ಆದ ಬದಿಯಲ್ಲಿ ಆ ಕಾಲನ್ನು ನಿಲ್ಲಿಸಬೇಕು. ಆಮೇಲೆ ಲಿವರ್ ಅನ್ನು ಪೂರ್ತಿ ಕೆಳಗಿನ ಹಂತಕ್ಕೆ ತಂದರೆ ಕಾರು ಕಾಲಿನ ಮೇಲೆ ಕೂರುತ್ತದೆ, ಆ ಬದಿಯ ಚಕ್ರಗಳು ನೆಲ ಬಿಟ್ಟು ಮೇಲೇಳುತ್ತವೆ. ಚಕ್ರ ಹಾಕಿದ ಮೇಲೆ ಲಿವರ್ ಮತ್ತೆ ಮೇಲಕ್ಕೆ, ಕಾಲು ಹೊರಕ್ಕೆ. ಕಾರು ಉರುಳದಂತೆ ಎದುರು ಬದಿಯ ಚಕ್ರಕ್ಕೆ ಅಡ್ಡ ಕೊಡುವುದು ತಪ್ಪಬಾರದು. ಕೊಳ್ಳುವಾಗ ಕಾಲಿನ ತಲೆ ನಿಮ್ಮ ಕಾರಿನ ಅಡಿಯ ಜಾಗಕ್ಕೆ ಸರಿಯಾಗಿ ಕೂರುತ್ತದಾ, ಕಾಲು ಎಲ್ಲೂ ಬಾಗಿಲ್ಲವಾ ಅಂತ ನೋಡಿ.