ಕುಲಪತಿಗಳು ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಇರಬಹುದೇ?

ದಾವಣಗೆರೆ ವಿಶ್ವವಿದ್ಯಾಲಯದಂತಹ ಸರ್ಕಾರಿ ವಿಶ್ವವಿದ್ಯಾಲಯದ ಕುಲಪತಿಗಳು ಕಂಪನಿಯೊಂದರ ಸ್ವತಂತ್ರ ನಿರ್ದೇಶಕರಾಗುವುದಕ್ಕೆ (ಅಂದರೆ ಕಂಪನಿಯ ಆಡಳಿತಗಾರರೊಂದಿಗೆ ಹಣಕಾಸಿನ ನಂಟಿಲ್ಲದ, ಹೊರಗಿನ ನಿರ್ದೇಶಕರಾಗುವುದಕ್ಕೆ) 2013ರ ಕಂಪನಿ ಕಾಯ್ದೆಯಲ್ಲಿ ನೇರ ನಿಷೇಧವಿಲ್ಲ. ಆದರೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಕುಲಪತಿ ಪೂರ್ಣಾವಧಿ ಅಧಿಕಾರಿಯಾಗಿರುವುದರಿಂದ, ಕುಲಾಧಿಪತಿಗಳಾದ ರಾಜ್ಯಪಾಲರ ಲಿಖಿತ ಒಪ್ಪಿಗೆಯಿಲ್ಲದೆ ಅಂತಹ ಹುದ್ದೆಯನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಣಕ್ಕಿಂತಲೂ ಹಿತಾಸಕ್ತಿಯ ಸಂಘರ್ಷವೇ ಇಲ್ಲಿ ದೊಡ್ಡದು. ತೋಳಹುಣಸೆಯ ಶಿವಗಂಗೋತ್ರಿ ಆವರಣದಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆ ಕುಲಪತಿಗಳ ಅಧ್ಯಕ್ಷತೆಯಲ್ಲಿ ನಡೆಯುತ್ತಿದೆ, ಪ್ರಯೋಗಾಲಯದ ಉಪಕರಣ ಖರೀದಿಯ ಕಡತ ಮುಂದೆ ಬಂದಿದೆ, ಟೆಂಡರ್ ಹಾಕಿದವರಲ್ಲಿ ಕುಲಪತಿಗಳು ನಿರ್ದೇಶಕರಾಗಿರುವ ಕಂಪನಿಯೂ ಇದೆ ಎಂದುಕೊಳ್ಳಿ. ಆಗ ಅವರು ತಮ್ಮ ಸಂಬಂಧವನ್ನು ಮೊದಲೇ ತಿಳಿಸಿ, ಅಧ್ಯಕ್ಷ ಪೀಠವನ್ನು ಬೇರೊಬ್ಬರಿಗೆ ಬಿಟ್ಟು ಹೊರಗೆ ಹೋಗಬೇಕು. ಹಾಗೆ ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಕಂಪನಿಯ ಕಡೆಯಲ್ಲೂ ಕಂಪನಿ ಕಾಯ್ದೆಯ 184ನೇ ಕಲಂ ನಿರ್ದೇಶಕರಿಂದ ಇಂತಹ ಘೋಷಣೆಯನ್ನೇ ಕೇಳುತ್ತದೆ.

ಅಮೆರಿಕದಲ್ಲಿ ಈ ರೂಢಿ ಹಳೆಯದು. ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆ ರೂತ್ ಸಿಮನ್ಸ್ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ನಿರ್ದೇಶಕ ಮಂಡಳಿಯಲ್ಲಿದ್ದರು. 2008ರ ಆರ್ಥಿಕ ಬಿಕ್ಕಟ್ಟಿನ ನಂತರ ಟೀಕೆಗಳು ಎದ್ದವು, 2010ರಲ್ಲಿ ಅವರು ಹೊರಬಂದರು.

ನಮ್ಮಲ್ಲಿ ಮಂಡಳಿ ಸಭೆಗೆ ಹಾಜರಾದ ನಿರ್ದೇಶಕರಿಗೆ ಕಂಪನಿ ಕೊಡುವ ಸಭಾ ಭತ್ಯೆಗೆ ಪ್ರತಿ ಸಭೆಗೆ 1 ಲಕ್ಷ ರೂಪಾಯಿಯ ಮಿತಿಯಿದೆ. ಆ ಮೊತ್ತವನ್ನು ವಿದ್ಯಾರ್ಥಿವೇತನ ನಿಧಿಗೆ ಒಪ್ಪಿಸುವವರನ್ನು ನಾನು ಹೆಚ್ಚು ಗೌರವಿಸುತ್ತೇನೆ.